ಹೆಗಲು ಕೊಡಿಸುವವರು, ಮೇಜಿಗೆ ಕೂರಿಸುವವರು: ಐರ್ಲೆಂಡಿನ ಸಾವಿನ ಮನೆಯ ಸೇವೆಗಳ ವಿಮರ್ಶೆ

ಐರ್ಲೆಂಡಿನಲ್ಲಿ ಅಪ್ಪನೋ ಅಮ್ಮನೋ ತೀರಿಕೊಂಡರೆ, ಹತ್ತು ಹದಿನೈದು ವರ್ಷ ಮಾತು ಬಿಟ್ಟಿದ್ದ ಮಕ್ಕಳೂ ಮೂರನೆಯ ದಿನಕ್ಕೆ ಚರ್ಚಿನ ಮುಂದಿನ ಬೆಂಚಿನಲ್ಲಿ ಒಟ್ಟಿಗೆ ಕೂತಿರುತ್ತಾರೆ. ಒಬ್ಬ ಲಂಡನ್ನಿನಿಂದ ಬಂದಿರುತ್ತಾನೆ, ಇನ್ನೊಬ್ಬಳು ಬಾಸ್ಟನ್ನಿನಿಂದ. ಊರಲ್ಲೇ ಉಳಿದು ಅಮ್ಮನ ಔಷಧಿ, ಊಟ ನೋಡಿಕೊಂಡವಳು ಮೂರನೆಯವಳು. ಇದು ತಾನಾಗಿ ಆಗುವ ಪವಾಡವಲ್ಲ. ಸಾವಿನ ಸುದ್ದಿ ಹಂಚುವವರು, ಶವಸಂಸ್ಕಾರ ನಡೆಸಿಕೊಡುವವರು, ವಿಲ್ ಊರ್ಜಿತವೆಂದು ಒಪ್ಪಿ ಆಸ್ತಿ ಹಂಚುವ ಅಧಿಕಾರಪತ್ರ, ಅಂದರೆ ಪ್ರೊಬೇಟ್, ಕೊಡುವ ಕಚೇರಿ, ಕಾಗದಪತ್ರ ನೋಡುವ ವಕೀಲ ಅಂದರೆ ಸಾಲಿಸಿಟರ್, ಸಂಧಾನಕಾರ, ಕಳೆದುಹೋದವರನ್ನು ಹುಡುಕಿಕೊಡುವವರು ಎಂದು ಒಂದು ಸಾಲು ಸೇವೆಗಳೇ ಇದರ ಹಿಂದಿವೆ. ಇಲ್ಲಿ ನೋಡಹೊರಟಿರುವುದು ಅವನ್ನೇ: ಮುನಿಸಿಕೊಂಡ ಒಡಹುಟ್ಟಿದವರಿಗೆ ಯಾವುದು ಎಷ್ಟು ಉಪಯೋಗ, ಎಲ್ಲಿ ಕೈಕೊಡುತ್ತದೆ, ಯಾವಾಗ ಬಳಸಬೇಕು.

ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ಮೊದಲ ಮೂರು ದಿನದ ಸೇವೆಗೆ ಐದಕ್ಕೆ ಐದು ಅಂಕ. ಆಮೇಲಿನ ಒಂದು ವರ್ಷದ ಕಾಗದಪತ್ರದ ವ್ಯವಸ್ಥೆಗೆ ಎರಡೂವರೆ, ಏಕೆಂದರೆ ಚರ್ಚಿನಲ್ಲಿ ಕೂಡಿದ್ದು ಅಲ್ಲಿ ಮತ್ತೆ ಒಡೆಯುತ್ತದೆ. ಕೊಟ್ಟ ದುಡ್ಡಿಗೆ ಹೆಚ್ಚು ಬೆಲೆ ಸಿಗುವುದು ಸಂಧಾನದಲ್ಲಿ, ಆದರೆ ಒಂದು ಷರತ್ತಿದೆ. ಸತ್ತ ತಿಂಗಳಿಗೆ ಚರ್ಚಿನಲ್ಲಿ ನಡೆಯುವ ಮಾಸ್ ಪ್ರಾರ್ಥನೆ ಅಂದರೆ ಬಲಿಪೂಜೆಗೂ, ಅಲ್ಲಿನವರು ಅದನ್ನು ಮಂತ್ಸ್ ಮೈಂಡ್ ಅನ್ನುತ್ತಾರೆ, ಪ್ರೊಬೇಟ್ ಕೈಗೆ ಬರುವುದಕ್ಕೂ ನಡುವಿನ ಅವಧಿಯಲ್ಲಿ ಅದನ್ನು ಶುರುಮಾಡಬೇಕು. ಅದಕ್ಕೆ ಮುಂಚೆ ಯಾರ ಕೈಯಲ್ಲೂ ಲೆಕ್ಕ ಇರುವುದಿಲ್ಲ, ಅದಾದ ಮೇಲೆ ಎಲ್ಲರ ಕೈಯಲ್ಲೂ ವಕೀಲರ ಪತ್ರ ಇರುತ್ತದೆ.

ಇಲ್ಲಿ ಹೇಳುವ ಕಾನೂನು, ತೆರಿಗೆ ಎಲ್ಲ ಗಣರಾಜ್ಯದ 26 ಕೌಂಟಿಗಳದ್ದು. ಡೆರ್ರಿಯಲ್ಲೋ ನ್ಯೂರಿಯಲ್ಲೋ ಸತ್ತವರ ಆಸ್ತಿಗೆ ಉತ್ತರ ಐರ್ಲೆಂಡಿನ ಕಾನೂನು, ಬ್ರಿಟನ್ನಿನ ತೆರಿಗೆ ಅನ್ವಯವಾಗುತ್ತವೆ. ಗಡಿ ದಾಟಿದರೆ ಈ ಬರಹದ ಅರ್ಧ ಸುಳ್ಳಾಗುತ್ತದೆ.

ಸುದ್ದಿಯಿಂದ ಶುರುಮಾಡೋಣ. ಮರಣ ಪ್ರಕಟಣೆಗಳ ಆರ್‌ಐಪಿ ಡಾಟ್ ಐಇ ಎಂಬ ತಾಣ ಹುಟ್ಟಿದ್ದು 2005ರಲ್ಲಿ, ಡಂಡಾಕ್‌ನಲ್ಲಿ. 2024ರಲ್ಲಿ ಐರಿಶ್ ಟೈಮ್ಸ್ ಸಮೂಹ ಅದನ್ನು ಕೊಂಡಿತು. 2025ರ ಜನವರಿಯಿಂದ ಒಂದು ಮರಣ ಪ್ರಕಟಣೆಗೆ 100 ಯೂರೋ. ಅಲ್ಲಿಯವರೆಗೆ ಪುಕ್ಕಟೆಯಾಗಿದ್ದ ಸೇವೆಗೆ ದುಡ್ಡು ಕೇಳಿದಾಗ ಜನ ಗೊಣಗಿದರು, ಆದರೂ ಅದನ್ನು ಬಿಟ್ಟಿಲ್ಲ, ಏಕೆಂದರೆ ಇಡೀ ದೇಶ ಬೆಳಗ್ಗೆ ಎದ್ದು ನೋಡುವುದು ಅದನ್ನೇ. ಸಾಮಾನ್ಯವಾಗಿ ಪ್ರಕಟಣೆ ಹಾಕಿಸುವುದು ಶವಸಂಸ್ಕಾರ ನಡೆಸಿಕೊಡುವ ಅಂಡರ್‌ಟೇಕರ್, ಹಣ ಅವರ ಬಿಲ್ಲಿನಲ್ಲಿ ಒಂದು ಸಾಲಾಗಿ ಬರುತ್ತದೆ. ಹಳ್ಳಿಗಾಡಿನಲ್ಲಿ ಇದರ ಜೊತೆ ಸ್ಥಳೀಯ ರೇಡಿಯೋ ಕೂಡ ಇದೆ. ಡೊನಿಗಾಲ್‌ನಲ್ಲಿ ಹೈಲ್ಯಾಂಡ್ ರೇಡಿಯೋ, ಕೆರ್ರಿಯಲ್ಲಿ ರೇಡಿಯೋ ಕೆರ್ರಿ ಸತ್ತವರ ಹೆಸರನ್ನು ಗಾಳಿಯ ಮೇಲೆ ಓದಿ ಹೇಳುತ್ತವೆ.

ಮುನಿಸಿಕೊಂಡ ಮಕ್ಕಳ ಮಟ್ಟಿಗೆ ಈ ಪ್ರಕಟಣೆ ಎರಡಲಗಿನ ಕತ್ತಿ. ಅದರ ಭಾಷೆಗೊಂದು ಕಟ್ಟಳೆ ಇದೆ: ಹೆಸರು, ತವರಿನ ಹೆಸರು, ವಿಳಾಸ, ಮೊದಲೇ ತೀರಿಕೊಂಡವರು, ಆಮೇಲೆ ದುಃಖದಲ್ಲಿರುವ ಮಕ್ಕಳು, ಸೊಸೆ ಅಳಿಯಂದಿರು, ಮೊಮ್ಮಕ್ಕಳು, ಕೊನೆಗೆ ದರ್ಶನದ ಹೊತ್ತು, ಬಲಿಪೂಜೆ, ಸಮಾಧಿ. ಮಕ್ಕಳ ಆ ಸಾಲಿನಲ್ಲಿ ಒಂದು ಹೆಸರು ಬಿಟ್ಟುಹೋದರೆ ಊರಿಗೆ ಊರೇ ಓದುತ್ತದೆ. ಹೆಸರು ಬಿಡುವುದು ಯಾವಾಗಲೂ ಹಗೆಯಿಂದಲ್ಲ. ಹಾಸಿಗೆಯ ಪಕ್ಕ ಇದ್ದವರು, ನಿದ್ದೆಗೆಟ್ಟ ಕಣ್ಣಿನಲ್ಲಿ, ಫೋನಿನಲ್ಲಿ ಹೇಳಿ ಬರೆಸಿದ ಪಟ್ಟಿ ಅದು. ಸಂಗಾತಿಯ ಹೆಸರು ಬಿಟ್ಟಿದ್ದು, ಬೇರೆಯಾದ ಹೆಂಡತಿಯ ಹೆಸರು ಸೇರಿಸಿದ್ದು, ಹಿರಿಯನನ್ನು ಕಿರಿಯನ ಕೆಳಗೆ ಹಾಕಿದ್ದು, ಇವೆಲ್ಲ ಮುಂದಿನ ಇಪ್ಪತ್ತು ವರ್ಷದ ಜಗಳಕ್ಕೆ ಬಂಡವಾಳ.

ಮಾಡಬೇಕಾದ್ದು ಸುಲಭ. ಪ್ರಕಟಣೆಯ ಕರಡನ್ನು ಅಂಡರ್‌ಟೇಕರ್ ಕೈಯಲ್ಲಿ ಬರೆಸಿ, ಎಲ್ಲ ಮಕ್ಕಳಿಗೂ ಫೋನ್ ಹೋಗುವವರೆಗೆ ತಡೆಹಿಡಿಯಲು ಹೇಳಿ. ಕೇಳಿಕೊಂಡರೆ ತಡೆಯುತ್ತಾರೆ. ಮಾತು ಬಿಟ್ಟವರಿಗೆ ನೀವೇ ಫೋನ್ ಮಾಡಲಾಗದಿದ್ದರೆ ಸೋದರತ್ತೆಯೋ ಪಾದ್ರಿಯೋ ಮಾಡಲಿ, ಆದರೆ ಸಿಡ್ನಿಯಲ್ಲಿರುವ ಮಗ ಅಮ್ಮನ ಸಾವನ್ನು ಪರದೆಯ ಮೇಲೆ ಓದಿ ತಿಳಿಯುವಂತಾಗಬಾರದು. ಆಮೇಲೂ ತಪ್ಪು ಕಂಡರೆ ತಾಣದಲ್ಲಿ ಅದೇ ದಿನ ತಿದ್ದಿಸಬಹುದು. ಪತ್ರಿಕೆಯಲ್ಲಿ ಅಚ್ಚಾದದ್ದನ್ನು, ರೇಡಿಯೋದಲ್ಲಿ ಓದಿದ್ದನ್ನು ತಿದ್ದಲಾಗದು.

ಬರಲಾಗದವರಿಗೆ ಚರ್ಚಿನ ನೇರಪ್ರಸಾರವಿದೆ. ಚರ್ಚ್‌ಸರ್ವಿಸಸ್ ಟಿವಿ, ಎಂಸಿಎನ್ ಮೀಡಿಯಾ ಮೂಲಕ ಅನೇಕ ಚರ್ಚುಗಳು ಕ್ಯಾಮೆರಾ ಇಟ್ಟಿವೆ, ಕೊಂಡಿ ಮರಣ ಪ್ರಕಟಣೆಯಲ್ಲೇ ಇರುತ್ತದೆ. ಒಂದು ಕೊರತೆಯೆಂದರೆ ಕ್ಯಾಮೆರಾ ಹೆಚ್ಚಾಗಿ ಬಲಿಪೀಠದ ಕಡೆ ನೆಟ್ಟಿರುತ್ತದೆ. ದೂರದಲ್ಲಿ ಕೂತು ನೋಡುವವರಿಗೆ ತಮ್ಮವರ ಬೆನ್ನು ಕಂಡರೆ ಪುಣ್ಯ.

ಅಂಡರ್‌ಟೇಕರ್‌ಗಳ ಬಗ್ಗೆ ಎಷ್ಟು ಹೊಗಳಿದರೂ ಕಡಿಮೆ. ಮನೆಯಲ್ಲಿ ಶವವನ್ನಿಟ್ಟು ಎಲ್ಲರೂ ಕೂಡಿ ಕಾಯುವ ವೇಕ್, ನೆರೆಯವರು ತರುವ ಸ್ಯಾಂಡ್‌ವಿಚ್, ಮುಗಿಯದ ಟೀ, ಸಾಲಾಗಿ ಬಂದು ಕೈಕುಲುಕಿ "ಸಾರಿ ಫಾರ್ ಯುವರ್ ಟ್ರಬಲ್" ಎನ್ನುವ ನೂರಾರು ಜನ. ಈ ಸಾಲಿನಲ್ಲಿ ಯಾರು ಯಾರ ಪಕ್ಕ ನಿಲ್ಲಬೇಕು ಅನ್ನುವುದನ್ನು ಒಳ್ಳೆಯ ಅಂಡರ್‌ಟೇಕರ್ ಕಣ್ಣಲ್ಲೇ ಅಳೆದು, ಮಾತಿಲ್ಲದ ಇಬ್ಬರ ನಡುವೆ ಚಿಕ್ಕಪ್ಪನನ್ನೋ ಮೊಮ್ಮಗಳನ್ನೋ ನಿಲ್ಲಿಸುತ್ತಾರೆ. ಶವಪೆಟ್ಟಿಗೆ ಹೊರುವಾಗ ಆರು ಜನ ಬೇಕು, ಎತ್ತರ ನೋಡಿ ಜೋಡಿ ಮಾಡುತ್ತಾರೆ. ಜೋಡಿಯಾದವರು ಪೆಟ್ಟಿಗೆಯ ಕೆಳಗೆ ಒಬ್ಬರ ಹೆಗಲ ಮೇಲೆ ಇನ್ನೊಬ್ಬರು ಕೈಹಾಕಿ ಬಿಗಿಹಿಡಿಯಬೇಕು, ಇಲ್ಲದಿದ್ದರೆ ಪೆಟ್ಟಿಗೆ ಅಲ್ಲಾಡುತ್ತದೆ. ಅಣ್ಣತಮ್ಮಂದಿರ ಎತ್ತರ ಸಾಮಾನ್ಯವಾಗಿ ಒಂದೇ. ಯಾವ ಸಂಧಾನಕಾರನೂ ಮಾಡಿಸಲಾಗದ್ದನ್ನು ಇವರು ನಲವತ್ತು ಹೆಜ್ಜೆಯಲ್ಲಿ ಮಾಡಿಸುತ್ತಾರೆ.

ಇಲ್ಲೂ ಎರಡು ಕಡೆ ಕೈಸುಡುತ್ತದೆ. ಅಂತ್ಯಕ್ರಿಯೆಯ ಕರಾರಿಗೆ ಸಹಿ ಹಾಕಿದವರೇ ಬಿಲ್ಲಿಗೆ ಹೊಣೆ. ಆಸ್ತಿಯಿಂದ ಮೊದಲು ತೀರಬೇಕಾದ ಬಾಕಿಗಳಲ್ಲಿ ಅದೂ ಒಂದು, ಮೂಲ ಬಿಲ್ ಕೊಟ್ಟರೆ ಬ್ಯಾಂಕ್ ಸತ್ತವರ ಖಾತೆಯಿಂದಲೇ ನೇರ ಅಂಡರ್‌ಟೇಕರ್‌ಗೆ ಕಟ್ಟುವುದೂ ಉಂಟು. ಇದು ಗೊತ್ತಿಲ್ಲದೆ ಒಬ್ಬಳು ತನ್ನ ಕಾರ್ಡಿನಿಂದ ಕಟ್ಟಿ, ಅಣ್ಣಂದಿರು ಪಾಲು ಕೊಡಲಿಲ್ಲ ಎಂದು ಕೊರಗುವುದು ತೀರಾ ಸಾಮಾನ್ಯ. ಎರಡನೆಯದು ಸಮಾಧಿ ಜಾಗದ ಪತ್ರ. ಸಮಾಧಿಯನ್ನು ಮತ್ತೆ ತೆರೆಯಲು ಅದು ಯಾರ ಹೆಸರಲ್ಲಿದೆಯೋ ಅವರ ಒಪ್ಪಿಗೆ ಬೇಕು. ಅಪ್ಪ ಸತ್ತಾಗ ದೊಡ್ಡ ಮಗನ ಹೆಸರಿಗೆ ಬರೆಸಿದ್ದರೆ, ಅಮ್ಮನನ್ನು ಅಪ್ಪನ ಜೊತೆ ಮಲಗಿಸಲು ಮಾತು ಬಿಟ್ಟ ಆ ಮಗನ ಸಹಿಗಾಗಿಯೇ ಕಾಯಬೇಕು. ಮೊದಲ ದಿನವೇ ಆ ಪತ್ರ ಹುಡುಕಿ.

ಮೂರನೆಯ ದಿನ ಮುಗಿಯಿತು. ಹೋಟೆಲಿನಲ್ಲಿ ಸೂಪು, ಹುರಿದ ಮಾಂಸ, ಹಳೆಯ ನೆನಪು. ವಿಮಾನ ಹತ್ತುವ ಮುಂಚೆ ಯಾರೋ ಕೇಳುತ್ತಾರೆ, ವಿಲ್ ಎಲ್ಲಿ?

ಸಿನಿಮಾದಲ್ಲಿ ತೋರಿಸುವಂತೆ ಸಾಲಿಸಿಟರ್ ಎಲ್ಲರನ್ನೂ ಕೂರಿಸಿ ವಿಲ್ ಓದುವ ಪದ್ಧತಿ ಐರ್ಲೆಂಡಿನಲ್ಲಿಲ್ಲ. ವಿಲ್ ಜಾರಿಗೊಳಿಸಲು ಅದರಲ್ಲೇ ಹೆಸರಿಸಿದವರು ಎಕ್ಸಿಕ್ಯೂಟರ್, ಅದು ಅವರ ಕೈಗೆ ಹೋಗುತ್ತದೆ. ಪ್ರೊಬೇಟ್ ಸಿಕ್ಕಮೇಲೆ ಅದು ಸಾರ್ವಜನಿಕ ದಾಖಲೆ, ಯಾರು ಬೇಕಾದರೂ ಪ್ರತಿ ತೆಗೆಸಬಹುದು. ಅದಕ್ಕೆ ಮುಂಚೆ, ವಿಲ್‌ನಲ್ಲಿ ಹೆಸರೇ ಇಲ್ಲದ ಮಗನಿಗೆ ಅದನ್ನು ತೋರಿಸಲೇಬೇಕೆಂಬ ನಿಯಮವಿಲ್ಲ. ಈ ಕತ್ತಲೆಯ ತಿಂಗಳುಗಳಲ್ಲೇ ಅನುಮಾನ ಮೊಳೆಯುವುದು. ಎಕ್ಸಿಕ್ಯೂಟರ್ ಆದವರಿಗೆ ನಮ್ಮ ಖಚಿತ ಸಲಹೆ: ಕಾನೂನು ಕೇಳದಿದ್ದರೂ ಎರಡನೆಯ ವಾರದಲ್ಲಿ ಎಲ್ಲರಿಗೂ ಒಂದೇ ಇಮೇಲ್‌ನಲ್ಲಿ ಪ್ರತಿ ಕಳಿಸಿಬಿಡಿ. ಬಚ್ಚಿಟ್ಟು ಗಳಿಸುವುದು ಏನೂ ಇಲ್ಲ.

ವಿಲ್ ಇಲ್ಲದಿದ್ದರೆ 1965ರ ಸಕ್ಸೆಷನ್ ಕಾಯ್ದೆಯ ಲೆಕ್ಕ: ಗಂಡ ಅಥವಾ ಹೆಂಡತಿ ಬದುಕಿದ್ದರೆ ಅವರಿಗೆ ಮೂರರಲ್ಲಿ ಎರಡು ಪಾಲು, ಮಕ್ಕಳೆಲ್ಲರಿಗೂ ಸೇರಿ ಉಳಿದ ಒಂದು. ಸಂಗಾತಿ ಇಲ್ಲದಿದ್ದರೆ ಮಕ್ಕಳಿಗೆ ಸಮಪಾಲು. ಹತ್ತು ವರ್ಷ ಅಮ್ಮನ ಸೇವೆ ಮಾಡಿದವಳಿಗೂ, ಹತ್ತು ವರ್ಷ ಫೋನ್ ಮಾಡದವನಿಗೂ ಒಂದೇ ಅಳತೆ. ಕಾಯ್ದೆಯ ಈ ತಣ್ಣನೆಯ ಸಮಾನತೆಯೇ ಅರ್ಧ ಜಗಳಗಳ ಮೂಲ.

ಪ್ರೊಬೇಟ್ ಕಚೇರಿಯ ಮುಖ್ಯ ಶಾಖೆ ಡಬ್ಲಿನ್ನಿನ ಸ್ಮಿತ್‌ಫೀಲ್ಡ್‌ನಲ್ಲಿ. ಕಾರ್ಕ್, ಗಾಲ್ವೇ, ಸ್ಲೈಗೋ, ಲೆಟರ್‌ಕೆನಿ, ಟ್ರಲೀ ಮುಂತಾಗಿ 14 ಜಿಲ್ಲಾ ಕಚೇರಿಗಳಿವೆ. ಸಾಲಿಸಿಟರ್ ಇಲ್ಲದೆ ಖುದ್ದಾಗಿಯೂ ಅರ್ಜಿ ಹಾಕಬಹುದು. 2020ರ ಸೆಪ್ಟೆಂಬರ್‌ನಿಂದ ಹಳೆಯ ಕಾಗದದ ಪ್ರಮಾಣಪತ್ರ ಹೋಗಿ ಎಸ್‌ಎ 2 ಎಂಬ ಆನ್‌ಲೈನ್ ನಮೂನೆ ಬಂದಿದೆ. ತೆರಿಗೆ ಇಲಾಖೆಯ ತಾಣದಲ್ಲಿ ತುಂಬಿ, ಬಂದ ಸ್ವೀಕೃತಿಯನ್ನು ಅರ್ಜಿಯ ಜೊತೆ ಇಡಬೇಕು. ಆ ನಮೂನೆಯಲ್ಲಿ ಪಾಲು ಪಡೆಯುವ ಒಬ್ಬೊಬ್ಬರ ವಿಳಾಸ, ಸಂಬಂಧ, ಪಿಪಿಎಸ್ ಎಂಬ ಸರ್ಕಾರಿ ಗುರುತಿನ ಸಂಖ್ಯೆ ಕೇಳುತ್ತಾರೆ. ಹಾಗಾಗಿ ಎಷ್ಟೋ ಮನೆಗಳಲ್ಲಿ ವರ್ಷಗಳ ಮೌನ ಮುರಿಯುವ ಮೊದಲ ಸಂದೇಶ "ನಿನ್ನ ಪಿಪಿಎಸ್ ನಂಬರ್ ಕಳಿಸು" ಅನ್ನುವುದು! ಸಾಲಿಸಿಟರ್ ಪತ್ರದ ಮೂಲಕ ಕೇಳಿದರಂತೂ ಅದು ಸಮನ್ಸ್‌ನಂತೆ ಓದಿಸಿಕೊಳ್ಳುತ್ತದೆ. ಯಾಕೆ ಬೇಕು, ಯಾವ ನಮೂನೆಗೆ ಬೇಕು ಎಂದು ಎರಡು ಸಾಲು ಸೇರಿಸಿದರೆ ಮರುದಿನವೇ ಉತ್ತರ ಬರುತ್ತದೆ.

ಅರ್ಜಿ ವಾಪಸ್ಸು ಬರುವ ಕಾರಣಗಳು ಹೊರಗಿನವರಿಗೆ ಹಾಸ್ಯಾಸ್ಪದ ಅನ್ನಿಸಬಹುದು. ವಿಲ್‌ನಲ್ಲಿ ಜಾನ್, ಮರಣಪತ್ರದಲ್ಲಿ ಷಾನ್. ಒಂದರಲ್ಲಿ ಮೇರಿ, ಇನ್ನೊಂದರಲ್ಲಿ ಮಾಯ್ರಾ. ಒಂದೇ ಹೆಸರಿನ ಇಂಗ್ಲಿಷ್, ಐರಿಶ್ ರೂಪಗಳಾದರೂ ಇಬ್ಬರೂ ಒಬ್ಬರೇ ಎಂದು ತೋರಿಸಬೇಕು. ಇದಕ್ಕಿಂತ ದುಬಾರಿ ತಪ್ಪು ಸ್ಟೇಪಲ್ ಪಿನ್ ತೆಗೆಯುವುದು. ಜೆರಾಕ್ಸ್ ಮಾಡಿಸಲು ಮೂಲ ವಿಲ್‌ನ ಪಿನ್ ಬಿಚ್ಚಿದರೆ ಉಳಿಯುವ ತೂತು, ಬೇರೇನೋ ಕಾಗದ ಜೊತೆಗಿತ್ತೇನೋ ಎಂಬ ಅನುಮಾನ ಹುಟ್ಟಿಸುತ್ತದೆ. ಆಗ ವಿಲ್‌ನ ಸ್ಥಿತಿಯ ಬಗ್ಗೆ ಪ್ರಮಾಣಪತ್ರ ಬೇಕು. ಮುನಿಸಿರುವ ತಮ್ಮನಿಗೆ ಅಷ್ಟು ತೂತೇ ಸಾಕು, ಅಣ್ಣ ಏನೋ ಹರಿದುಹಾಕಿದ ಎನ್ನಲು. ಪಿನ್ ಮುಟ್ಟಬೇಡಿ, ಮಡಿಸಿಟ್ಟು ಫೋಟೋ ತೆಗೆಯಿರಿ.

ಈ ಕಚೇರಿಗೆ ಅಂಕ ಕಡಿಮೆ ಕೊಟ್ಟಿದ್ದು ವೇಗದ ಬಗ್ಗೆ ಮಾತ್ರ ಅಲ್ಲ. ಅರ್ಜಿ ಎಲ್ಲಿದೆ ಎಂದು ತಿಳಿಯುವುದು ಅರ್ಜಿ ಹಾಕಿದವರಿಗೇ ಕಷ್ಟ, ಉಳಿದ ಮಕ್ಕಳಿಗೆ ಏನೂ ತಿಳಿಯದು. ಅವರು ಫೋನ್ ಮಾಡುವುದು ಸಾಲಿಸಿಟರ್‌ಗೆ. ಆದರೆ ಆತ ಎಕ್ಸಿಕ್ಯೂಟರ್ ಪರ ಕೆಲಸ ಮಾಡುವವನು, ಮಕ್ಕಳೆಲ್ಲರ ಪರ ಅಲ್ಲ. ಈ ಒಂದು ಸಂಗತಿ ಗೊತ್ತಿಲ್ಲದೆ "ನಮ್ಮ ಮನೆ ವಕೀಲರೇ ನಮಗೆ ಉತ್ತರ ಕೊಡುವುದಿಲ್ಲ" ಎಂದು ಸಿಟ್ಟಾಗುವವರು ಬಹಳ. ಹಂಚಿಕೆಗೆ ಎಕ್ಸಿಕ್ಯೂಟರ್‌ಗೆ ಸಾವಿನಿಂದ ಒಂದು ವರ್ಷದ ಅವಕಾಶವಿದೆ, ಅಷ್ಟರೊಳಗೆ ಹಂಚಲಿಲ್ಲ ಎಂದು ನ್ಯಾಯಾಲಯದ ಅನುಮತಿಯಿಲ್ಲದೆ ದಾವೆ ಹೂಡಲಾಗದು. ಹಾಗೆಂದು ವರ್ಷಗಟ್ಟಲೆ ಸುಮ್ಮನಿರುವುದೂ ಅಪಾಯ. ಆಸ್ತಿಯಲ್ಲಿ ಪಾಲು ಕೇಳುವ ದಾವೆಗೆ ಸಾಮಾನ್ಯ ಕಾಲಮಿತಿ ಹಕ್ಕು ಹುಟ್ಟಿದಂದಿನಿಂದ 6 ವರ್ಷ. ಪ್ರೊಬೇಟನ್ನೇ ಮಾಡಿಸದೆ ಒಬ್ಬ ಮಗ ಹಳೆಮನೆಯಲ್ಲಿ, ಹೊಲದಲ್ಲಿ ಉಳಿದುಕೊಂಡ ಕತೆಗಳು ಪಶ್ಚಿಮದ ಕೌಂಟಿಗಳಲ್ಲಿ ಬೇಕಾದಷ್ಟಿವೆ.

ಇನ್ನೊಂದು ಗಡಿಯಾರ ಇದಕ್ಕಿಂತ ಜೋರಾಗಿ ಓಡುತ್ತದೆ. ಸಕ್ಸೆಷನ್ ಕಾಯ್ದೆಯ 117ನೇ ಕಲಮಿನ ಪ್ರಕಾರ, ತನ್ನ ಶಕ್ತ್ಯಾನುಸಾರ ಮಗುವಿಗೆ ಒದಗಿಸುವ ನೈತಿಕ ಕರ್ತವ್ಯದಲ್ಲಿ ತಂದೆ ಅಥವಾ ತಾಯಿ ತಪ್ಪಿದ್ದಾರೆ ಎಂದು ಮಗ, ಮಗಳು ನ್ಯಾಯಾಲಯಕ್ಕೆ ಹೋಗಬಹುದು. ವಯಸ್ಕ ಮಕ್ಕಳೂ ಹೋಗಬಹುದು, ಆದರೆ ವಿಲ್ ಇದ್ದಾಗ ಮಾತ್ರ. ಗಡುವು ಪ್ರೊಬೇಟ್ ಕೊಟ್ಟ ದಿನದಿಂದ 6 ತಿಂಗಳು, ಅದನ್ನು ಹಿಗ್ಗಿಸುವ ಅಧಿಕಾರ ನ್ಯಾಯಾಧೀಶರಿಗೂ ಇಲ್ಲ. ಸಂಧಾನ ನಡೆಯುತ್ತಿದೆಯಲ್ಲ ಎಂದು ನಂಬಿ ಕೂರಬೇಡಿ. ಆ ದಿನಾಂಕವನ್ನು ಸ್ವಂತ ಸಾಲಿಸಿಟರ್ ಬಳಿ ಬರೆಸಿಟ್ಟು, ಬೇಕಾದರೆ ದಾವೆ ದಾಖಲಿಸಿಯೇ ಮಾತುಕತೆ ಮುಂದುವರಿಸಿ.

ಈಗ ಸಂಧಾನ. ಕಾನೂನಿನ ಚೌಕಟ್ಟು 2017ರ ಮೀಡಿಯೇಷನ್ ಕಾಯ್ದೆ, ಜಾರಿಗೆ ಬಂದಿದ್ದು 2018ರ ಜನವರಿ 1ರಂದು. ದಾವೆ ಹೂಡುವ ಮೊದಲು ಸಂಧಾನದ ಬಗ್ಗೆ ಕಕ್ಷಿದಾರರಿಗೆ ತಿಳಿಸಿದ್ದೇನೆ ಎಂದು ಸಾಲಿಸಿಟರ್ ಘೋಷಣಾಪತ್ರ ಕೊಡಲೇಬೇಕು. ನ್ಯಾಯಾಲಯವೇ ಸಂಧಾನಕ್ಕೆ ಆಹ್ವಾನಿಸಿದಾಗ ಕಾರಣವಿಲ್ಲದೆ ಒಲ್ಲೆ ಎಂದವರ ಮೇಲೆ ಖರ್ಚು ಹೇರುವಾಗ ಅದನ್ನು ಗಣನೆಗೆ ತೆಗೆದುಕೊಳ್ಳಬಹುದು. ಬಹಳ ಜನ ಮೊದಲು ಲೀಗಲ್ ಏಡ್ ಬೋರ್ಡಿನ ಉಚಿತ ಕುಟುಂಬ ಸಂಧಾನ ಸೇವೆಯ ಬಾಗಿಲು ತಟ್ಟುತ್ತಾರೆ. ಅದು ಮುಖ್ಯವಾಗಿ ಬೇರೆಯಾಗುವ ದಂಪತಿಗಳಿಗಾಗಿ ಇರುವುದು, ಆಸ್ತಿ ಹಂಚಿಕೆಯ ಜಗಳಕ್ಕೆ ಸರಿಯಾದ ಬಾಗಿಲಲ್ಲ. ಮೀಡಿಯೇಟರ್ಸ್ ಇನ್‌ಸ್ಟಿಟ್ಯೂಟ್ ಆಫ್ ಐರ್ಲೆಂಡ್‌ನ ಪಟ್ಟಿಯಿಂದ ಖಾಸಗಿ ಸಂಧಾನಕಾರರನ್ನು ಆರಿಸಿಕೊಳ್ಳಿ. ತರಬೇತಿ, ಅನುಭವದ ವಿವರ ಕೊಡುವುದು ಅವರ ಕರ್ತವ್ಯ. ಕೇಳಬೇಕಾದ ಪ್ರಶ್ನೆ ಒಂದೇ: ವಿಲ್ ಮತ್ತು ಹೊಲಮನೆಯ ವಿವಾದ ಎಷ್ಟು ನಡೆಸಿದ್ದೀರಿ? ಕಂಪನಿ ಜಗಳ ಬಿಡಿಸುವುದರಲ್ಲಿ ಪಳಗಿದವರು ಅಮ್ಮನ ಟೀ ಸೆಟ್ಟಿನ ಮುಂದೆ ಕಕ್ಕಾಬಿಕ್ಕಿಯಾಗುತ್ತಾರೆ.

ಕ್ರಮ ಹೀಗಿರುತ್ತದೆ. ಒಬ್ಬರು ಫೋನ್ ಮಾಡಿದರೆ ಸಾಕು, ಉಳಿದವರನ್ನು ಸಂಧಾನಕಾರರೇ ಸಂಪರ್ಕಿಸುತ್ತಾರೆ. ಇದು ಸಣ್ಣ ಅನುಕೂಲವಲ್ಲ, ಮೊದಲ ಕರೆ ಮಾಡುವ ಅಹಂಕಾರದ ಗಂಟನ್ನು ಬೇರೆಯವರು ಬಿಚ್ಚಿದಂತೆ. ಆಮೇಲೆ ಒಬ್ಬೊಬ್ಬರೊಡನೆ ಪ್ರತ್ಯೇಕ ಮಾತು, ಹೊರದೇಶದಲ್ಲಿದ್ದರೆ ವಿಡಿಯೋದಲ್ಲಿ. ನಂತರ ಬರಹದ ಒಪ್ಪಂದ: ಶುಲ್ಕ, ಜಾಗ, ಹೊತ್ತು, ಗೌಪ್ಯತೆ, ಕಾನೂನು ಸಲಹೆಯ ಹಕ್ಕು, ಯಾವಾಗ ನಿಲ್ಲಿಸಬಹುದು ಎಲ್ಲ ಅದರಲ್ಲಿರಬೇಕು. ಬೇರೆ ಮಾತಾಗಿರದಿದ್ದರೆ ಶುಲ್ಕ ಸಮಪಾಲು. ಫಲಿತಾಂಶಕ್ಕೆ ತಕ್ಕ ಶುಲ್ಕ ಎಂಬುದು ಇಲ್ಲ, ಹಾಗೆ ಕೇಳುವವರಿದ್ದರೆ ಎದ್ದು ಬನ್ನಿ. ಕೊನೆಗೆ ಎಲ್ಲರೂ ಸೇರುವ ಅರ್ಧ ದಿನ ಅಥವಾ ಇಡೀ ದಿನ. ಎರಡು ಮೂರು ಕೋಣೆಗಳಿರುವ ಜಾಗವೇ ಆಗಬೇಕು, ಹಳೆಮನೆಯ ಅಡಿಗೆಮನೆ ಖಂಡಿತ ಬೇಡ. ಅಲ್ಲಿ ಪ್ರತಿಯೊಬ್ಬರೂ ತಮ್ಮ ಹಳೆಯ ಕುರ್ಚಿಯಲ್ಲೇ ಕೂರುತ್ತಾರೆ, ಹನ್ನೆರಡು ವರ್ಷದವರಂತೆಯೇ ಮಾತಾಡುತ್ತಾರೆ.

ಸಂಧಾನ ಕುಸಿಯುವುದು ಹೆಚ್ಚಾಗಿ ಭಾವನೆಯಿಂದಲ್ಲ, ಲೆಕ್ಕವಿಲ್ಲದೆ ಬರುವುದರಿಂದ. ಮೇಜಿನ ಮೇಲೆ ಇರಬೇಕಾದವು: ವಿಲ್‌ನ ಪ್ರತಿ, ಎಸ್‌ಎ 2ರ ಅಂಕಿಗಳು, ಸತ್ತ ದಿನದ ಬ್ಯಾಂಕ್ ಬಾಕಿ, ಅಂತ್ಯಕ್ರಿಯೆಯ ಬಿಲ್, ಜಮೀನಿನ ಫೋಲಿಯೋ ಅಂದರೆ ಒಡೆತನದ ನೋಂದಣಿ ಹಾಳೆ, ಮನೆಯ ಬೆಲೆ. ಫೋಲಿಯೋವನ್ನು ಲ್ಯಾಂಡ್‌ಡೈರೆಕ್ಟ್ ತಾಣದಲ್ಲಿ 5 ಯೂರೋ ಕೊಟ್ಟು ಯಾರು ಬೇಕಾದರೂ ನೋಡಬಹುದು. ಮನೆ ಅಪ್ಪನೊಬ್ಬನ ಹೆಸರಲ್ಲಿತ್ತೋ, ಮಗನನ್ನು ಯಾವಾಗಲೋ ಸೇರಿಸಿದ್ದರೋ ಎಂಬ ಗುಸುಗುಸು ಅಲ್ಲಿಗೆ ಮುಗಿಯುತ್ತದೆ. ಬೆಲೆಗೆ ಮೂವರು ಮೂರು ಏಜೆಂಟರನ್ನು ಕರೆತರುವ ಬದಲು ಎಲ್ಲರೂ ಒಪ್ಪಿದ ಒಬ್ಬರಿಂದ ಎರಡು ಅಂಕಿ ಬರೆಸಿಕೊಳ್ಳಿ, ಸತ್ತ ದಿನದ್ದೊಂದು, ಇಂದಿನದೊಂದು. ಸಹಕಾರಿ ಬ್ಯಾಂಕಿನಂಥ ಕ್ರೆಡಿಟ್ ಯೂನಿಯನ್‌ನಲ್ಲಿ ಖಾತೆ ಇದ್ದರೆ ನಾಮಿನಿ ಯಾರೆಂದು ಕೇಳಿ. ಒಂದು ಮಿತಿಯವರೆಗಿನ ಹಣ ವಿಲ್‌ಗೆ ಸಂಬಂಧವೇ ಇಲ್ಲದೆ ನಾಮಿನಿಗೆ ಹೋಗುತ್ತದೆ, ಅದು ಯಾರೂ ಕದ್ದ ಹಣವಲ್ಲ.

ಫೇರ್ ಡೀಲ್ ಪತ್ರವನ್ನಂತೂ ಮರೆಯಲೇಬಾರದು. ನರ್ಸಿಂಗ್ ಹೋಮ್ ಖರ್ಚಿಗೆ ಸರ್ಕಾರ ನೆರವಾಗುವ ಈ ಯೋಜನೆಯಲ್ಲಿ ಒಂಟಿ ವ್ಯಕ್ತಿ ಆದಾಯದ 80%, ಆಸ್ತಿ ಬೆಲೆಯ ವರ್ಷಕ್ಕೆ 7.5% ಕೊಡಬೇಕು. ಮೊದಲ 36,000 ಯೂರೋ ಆಸ್ತಿ ಲೆಕ್ಕಕ್ಕಿಲ್ಲ, ವಾಸದ ಮನೆಗೆ ಮೂರೇ ವರ್ಷದ ಮಿತಿ, ಅಂದರೆ 22.5%. ಮನೆಯ ಪಾಲನ್ನು ಸಾಲವಾಗಿ ಮುಂದೂಡಿದ್ದರೆ ಸತ್ತ 12 ತಿಂಗಳೊಳಗೆ ತೆರಿಗೆ ಇಲಾಖೆಗೆ ತೀರಿಸಬೇಕು. ಉಳಿತಾಯವೇ ಆ 36,000ವನ್ನು ತುಂಬಿದ್ದು, ಮನೆ 3,00,000 ಯೂರೋ ಬಾಳುತ್ತಿದ್ದರೆ, ಮೂರು ವರ್ಷಕ್ಕೆ 67,500 ಯೂರೋ, ಮೇಲೆ ಬೆಲೆಯೇರಿಕೆಯ ಹೊಂದಾಣಿಕೆ. ಹೊರದೇಶದಲ್ಲಿದ್ದ ಅಣ್ಣನಿಗೆ ಈ ಸಾಲದ ಸುದ್ದಿಯೇ ಇರುವುದಿಲ್ಲ. ದುಡ್ಡು ಎಲ್ಲಿ ಹೋಯಿತು ಎಂದು ಅವನು ತಂಗಿಯ ಮುಖ ನೋಡುತ್ತಾನೆ. ಒಂದು ಹಾಳೆ ಕಾಗದ ತೋರಿಸಿದ್ದರೆ ತಪ್ಪುತ್ತಿದ್ದ ಜಗಳ.

ಸಂಧಾನದ ಮೇಜಿನ ಮೇಲೆ ಆಗುವ ಅತಿ ದುಬಾರಿ ತಪ್ಪು ಔದಾರ್ಯದ್ದು. ಮನಸ್ಸು ಕರಗಿ "ನನ್ನ ಪಾಲು ಅಕ್ಕನಿಗಿರಲಿ" ಎಂದು ಬರೆದುಕೊಡುತ್ತಾರೆ. ಲೆಕ್ಕ ನೋಡಿ. ವಿಲ್ ಇಲ್ಲ, ಮೂವರು ಮಕ್ಕಳು, ಒಟ್ಟು 6,00,000 ಯೂರೋ. ಒಬ್ಬೊಬ್ಬರಿಗೆ 2,00,000. ತಂದೆತಾಯಿಯಿಂದ ಮಕ್ಕಳಿಗೆ ಬರುವುದಕ್ಕೆ 2024ರ ಅಕ್ಟೋಬರ್ 2ರಿಂದ 4,00,000 ಯೂರೋವರೆಗೆ ತೆರಿಗೆ ಇಲ್ಲ, ಹಿಂದೆ ಬಂದದ್ದನ್ನೂ ಕೂಡಿಸಿ ನೋಡುತ್ತಾರೆ. ಆದರೆ ತಮ್ಮ ತನಗೆ ಬಂದ 2,00,000ವನ್ನು ಅಕ್ಕನ ಕಡೆ ತಿರುಗಿಸಿದರೆ ಅದು ಅಮ್ಮನಿಂದ ಬಂದದ್ದಲ್ಲ, ತಮ್ಮನಿಂದ ಬಂದ ಉಡುಗೊರೆ. ಒಡಹುಟ್ಟಿದವರ ನಡುವಿನ ಮಿತಿ 40,000 ಮಾತ್ರ. ಉಳಿದ 1,60,000ದ ಮೇಲೆ 33%, ಅಂದರೆ 52,800 ಯೂರೋ ತೆರಿಗೆ ಅಕ್ಕನ ತಲೆಗೆ. ಅದರ ಬದಲು ತಮ್ಮ ಯಾರ ಹೆಸರೂ ಹೇಳದೆ ಪಾಲನ್ನೇ ನಿರಾಕರಿಸಿದರೆ, ಅದು ಉಳಿದಿಬ್ಬರಿಗೆ ತಲಾ 3,00,000 ಆಗಿ ಹೋಗುತ್ತದೆ, ತೆರಿಗೆ ಇಲ್ಲ. ಅಕ್ಕನಿಗೆ ಮಾತ್ರ, ಅಣ್ಣನಿಗೆ ಬೇಡ ಎನ್ನುವ ಆಯ್ಕೆ ಆ ದಾರಿಯಲ್ಲಿಲ್ಲ. ಆದ್ದರಿಂದ ಅಂದೇ ಸಹಿ ಹಾಕಬೇಡಿ. ಒಪ್ಪಂದದ ಕರಡನ್ನು ಒಂದು ವಾರ ತೆರಿಗೆ ತಿಳಿದವರ ಕೈಯಲ್ಲಿಡಿ.

ಮನೆಯನ್ನು ಅಲ್ಲೇ ವಾಸವಿದ್ದ ಮಗಳಿಗೆ ಬಿಡುವ ಯೋಚನೆಯಿದ್ದರೆ ವಾಸದ ಮನೆಯ ವಿನಾಯಿತಿ ನೋಡಿ. ಸಾವಿಗೆ ಮುಂಚೆ 3 ವರ್ಷ ಅಲ್ಲೇ ಇದ್ದಿರಬೇಕು, ಬೇರೆ ಮನೆಯಲ್ಲಿ ಹಕ್ಕಿರಬಾರದು, ಆಮೇಲೆ 6 ವರ್ಷ ಅಲ್ಲೇ ಇರಬೇಕು. 65 ದಾಟಿದವರಿಗೆ ಕೊನೆಯ ಷರತ್ತು ಇಲ್ಲ. ಹಳೆಮನೆಯ ಅರ್ಧ ಪಾಲನ್ನು ಮಾರಿ ತಮ್ಮನಿಗೆ ಹಣ ಕೊಡುವ ಮಾತಿಗೂ ಈ ಆರು ವರ್ಷಕ್ಕೂ ತಾಳೆಯಾಗದೆ ಒಪ್ಪಂದ ಮುರಿಯುವುದುಂಟು.

ಅಳಿಯ, ಸೊಸೆಯಂದಿರನ್ನು ಒಳಗೆ ಬಿಡಬೇಕೇ? ಮೊದಲ ಜಂಟಿ ಸಭೆಗೆ ಬೇಡ. ಮೀಡಿಯೇಷನ್ ಕಾಯ್ದೆಯಲ್ಲಿ ಜೊತೆಗೊಬ್ಬರನ್ನು ಕರೆತರುವ ಹಕ್ಕಿದೆ, ಪಕ್ಕದ ಕೋಣೆಯಲ್ಲಿ ಕೂರಲಿ. ಕ್ಷಮೆ ಕೇಳಿದರೆ ಮಾತ್ರ ಕೂರುತ್ತೇನೆ ಎಂಬ ಷರತ್ತೂ ಬೇಡ. ಕ್ಷಮೆ ಬರುವುದಿದ್ದರೆ ಮಧ್ಯಾಹ್ನದ ಮೇಲೆ, ಲೆಕ್ಕದ ನಡುವೆ, ಸಂಬಂಧವೇ ಇಲ್ಲದ ಮಾತಿನಲ್ಲಿ ಬರುತ್ತದೆ. ಸಂಧಾನಕಾರ ಮನೋವೈದ್ಯನಲ್ಲ, ದುಃಖ ಬಿಚ್ಚಲು ಬೇರೆ ಜಾಗವಿದೆ. ಐರಿಶ್ ಹಾಸ್ಪಿಸ್ ಫೌಂಡೇಶನ್‌ನ ಉಚಿತ ದೂರವಾಣಿ ನೆರವು ಅದಕ್ಕೇ ಇರುವುದು, ಅಳುವನ್ನು ಅಲ್ಲಿ ಇಳಿಸಿ ಬಂದವರು ಮೇಜಿನ ಮುಂದೆ ಕಡಿಮೆ ಕೂಗುತ್ತಾರೆ.

ಬೆಲೆಯಿಲ್ಲದ ಸಾಮಾನುಗಳಿಗೇ ಹೆಚ್ಚು ಹೊತ್ತು ಹಿಡಿಯುವುದು. ಕಪಾಟಿನ ನೀಲಿ ತಟ್ಟೆಗಳು, ಅಪ್ಪನ ಉಳಿ ಸುತ್ತಿಗೆ, ಜಪಸರ. ಸಭೆಗೆ ಮುಂಚೆ ಯಾರೂ ಏನೂ ಎತ್ತಬಾರದು. ಪ್ರತಿ ಕೋಣೆಯ ಫೋಟೋ ತೆಗೆದು, ವಸ್ತುಗಳಿಗೆ ಸಂಖ್ಯೆ ಹಾಕಿ, ಚೀಟಿ ಎತ್ತಿ ಸರದಿ ಹಚ್ಚಿ. ಮೊದಲ ಸುತ್ತು ಒಂದು, ಎರಡು, ಮೂರು. ಎರಡನೆಯ ಸುತ್ತು ಮೂರು, ಎರಡು, ಒಂದು. ಮೊದಲನೆಯವರಿಗೇ ಪ್ರತಿ ಸಲ ಒಳ್ಳೆಯದು ಸಿಗುವ ದೂರು ಹೀಗೆ ತಪ್ಪುತ್ತದೆ. ಫೋಟೋ ಆಲ್ಬಂ ಹಂಚಬೇಡಿ, ಸ್ಕ್ಯಾನ್ ಮಾಡಿಸಿ. ಮನೆ ಖಾಲಿ ಬಿಟ್ಟಿದ್ದರೆ ವಿಮೆಯವರಿಗೆ ತಿಳಿಸಿ, ಖಾಲಿ ಮನೆಗೆ ಕೆಲವೇ ವಾರಗಳಲ್ಲಿ ರಕ್ಷಣೆ ಕಡಿತವಾಗುವ ಷರತ್ತು ಪಾಲಿಸಿಗಳಲ್ಲಿರುತ್ತದೆ.

ಒಬ್ಬ ಒಡಹುಟ್ಟಿದವರ ವಿಳಾಸವೇ ಇಲ್ಲದಿದ್ದರೆ? ಸಾಲ್ವೇಷನ್ ಆರ್ಮಿಯ ಕುಟುಂಬ ಶೋಧ ಸೇವೆ 1885ರಿಂದ ನಡೆದಿದೆ. ಸಿಕ್ಕವರ ಒಪ್ಪಿಗೆಯಿಲ್ಲದೆ ಅವರ ವಿಳಾಸವನ್ನು ನಿಮಗೆ ಕೊಡುವುದಿಲ್ಲ, ಅದೇ ಅದರ ದೊಡ್ಡಗುಣ. ಆದರೆ ಅದು ಮುರಿದ ಸಂಬಂಧ ಕೂಡಿಸಲು ಇರುವ ಸೇವೆ, ಆಸ್ತಿ ಹಂಚಿಕೆಗೆ ವಾರಸುದಾರರನ್ನು ಹುಡುಕಿಕೊಡಿ ಎಂದರೆ ಒಪ್ಪುವುದಿಲ್ಲ. ಅದಕ್ಕೆ ಪ್ರೊಬೇಟ್ ವಂಶಾವಳಿ ಶೋಧಕರಿದ್ದಾರೆ. ಅವರಲ್ಲಿ ಕೆಲವರು ಸಿಕ್ಕ ವ್ಯಕ್ತಿಯ ಪಾಲಿನಲ್ಲೇ ಶೇಕಡಾವಾರು ಕೇಳುತ್ತಾರೆ, ಎಕ್ಸಿಕ್ಯೂಟರ್ ನಿಗದಿತ ಶುಲ್ಕ ಕೊಟ್ಟು ಹುಡುಕಿಸುವುದು ಎಲ್ಲರಿಗೂ ಅಗ್ಗ.

ಹುಡುಕದಿದ್ದರೂ ಬರುವವರುಂಟು. 2022ರ ಜನನ ಮಾಹಿತಿ ಮತ್ತು ಶೋಧ ಕಾಯ್ದೆಯ ನಂತರ, ದತ್ತು ಹೋದ ಅಕ್ಕನೊಬ್ಬಳು ಸರ್ಕಾರದ ಮಕ್ಕಳ ಮತ್ತು ಕುಟುಂಬ ಸಂಸ್ಥೆ ಟುಸ್ಲಾ ಮೂಲಕ ಪತ್ರ ಬರೆಯಬಹುದು. ಆಸ್ತಿಗೆ ಬಂದಳೆಂದು ಬೆಚ್ಚುವ ಅಗತ್ಯವಿಲ್ಲ. ದತ್ತು ಹೋದವರು ಕಾನೂನಿನಲ್ಲಿ ದತ್ತು ಪಡೆದವರ ಮಕ್ಕಳು, ವಿಲ್ ಇಲ್ಲದ ಹೆತ್ತಮ್ಮನ ಆಸ್ತಿಯಲ್ಲಿ ಅವರಿಗೆ ಪಾಲಿಲ್ಲ. ದತ್ತು ಹೋಗದೆ, ಮದುವೆಯ ಹೊರಗೆ ಹುಟ್ಟಿದವರ ಮಾತು ಬೇರೆ, ಅವರಿಗೆ ಸಮಪಾಲು.

ಒಪ್ಪಂದದಲ್ಲಿ ಎಲ್ಲರೂ ಮರೆಯುವ ಒಂದು ಕಲಮು ಸಮಾಧಿ ಕಲ್ಲಿನದು. ಮಣ್ಣು ಕೂತು ಗಟ್ಟಿಯಾಗಲು ತಿಂಗಳುಗಳು ಬೇಕು, ಅಷ್ಟರಲ್ಲಿ ಸಂಧಾನ ಮುಗಿದು ಎಲ್ಲರೂ ಚದುರಿರುತ್ತಾರೆ. ಕಲ್ಲಿನ ಮೇಲೆ ಏನು ಬರೆಯಬೇಕು, ಐರಿಶ್‌ನಲ್ಲೋ ಇಂಗ್ಲಿಷ್‌ನಲ್ಲೋ, ಯಾರ ದುಡ್ಡು, ಯಾವ ತಾರೀಖಿನೊಳಗೆ, ಸ್ಮಶಾನದ ನಿಯಮ ಎಷ್ಟು ಎತ್ತರಕ್ಕೆ ಒಪ್ಪುತ್ತದೆ ಎಂಬ ಐದು ಸಾಲನ್ನು ಅದೇ ದಿನ ಬರೆಸಿ. ಕೆತ್ತುವ ಮೊದಲು ಕಲ್ಲುಕುಟಿಗ ಕಳಿಸುವ ಕರಡು ಹಾಳೆಗೆ ಎಲ್ಲ ಮಕ್ಕಳೂ ಸಹಿ ಹಾಕಲಿ. ಮರಣ ಪ್ರಕಟಣೆಯಲ್ಲಿ ಬಿಟ್ಟುಹೋದ ಹೆಸರನ್ನು ಅಂದೇ ಸೇರಿಸಬಹುದಿತ್ತು, ಕಲ್ಲಿನಲ್ಲಿ ಅಕ್ಷರಕ್ಕೆ ಇಷ್ಟು ಎಂದು ಲೆಕ್ಕ.